ಊರ್ಮಿಳಕ್ಕನ ಕರೆಂಟು ಹೋಗುವ ಪರೀಕ್ಷೆ

ಊರ್ಮಿಳಕ್ಕನಿಗೆ ಇಲ್ಲಿ ಎಂತ ಕೆಲಸ ಎಂದು ಯಾರಾದರೂ ಕೇಳಿದರೆ ನಮ್ಮ ಮಾಲೀಕರಾದ ಕೃಷ್ಣಮೋಹನ ಭಟ್ಟರು, "ಕೊಂಕು ಹುಡುಕುದು" ಎಂದು ನಗುತ್ತಿದ್ದರು. ಸಂಬಳ ಕೊಟ್ಟು ಕೊಂಕು ಹುಡುಕಿಸುವುದು, ಹುಡುಕಿ ಕೊಟ್ಟ ಮೇಲೆ ಮುಖ ಸಿಂಡರಿಸುವುದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಸಾಫ್ಟ್‌ವೇರ್ ಪರೀಕ್ಷೆ ಮಾಡುವವರಿಗೆ ಯಾವ ಕಾಲವೂ ಬಂದದ್ದನ್ನು ನಾನು ನೋಡಿಲ್ಲ.

ಪುತ್ತೂರು ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ನಮ್ಮ ಆಫೀಸು. ಹಾಲಿನ ಸೊಸೈಟಿಗಳಿಗೆ, ಅಡಿಕೆ ವ್ಯಾಪಾರಿಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡಿ ಕೊಡುತ್ತೇವೆ. ನಾನು ಅಲ್ಲಿ ಫೋನು ಎತ್ತುವವಳು. ಗಿರಾಕಿಗಳ ಬೈಗುಳ ಮೊದಲು ನನ್ನ ಕಿವಿಗೆ ಬಿದ್ದೇ ಒಳಗೆ ಹೋಗಬೇಕು. ಊರ್ಮಿಳಕ್ಕ ಐವರ್ನಾಡಿನ ಗೌಡರ ಮನೆಯವರು. ಸುಳ್ಯದಲ್ಲಿ ಬಿ.ಕಾಂ. ಮಾಡಿ, ಕಂಪ್ಯೂಟರ್ ಕ್ಲಾಸಿನಲ್ಲಿ ಟೈಪಿಂಗ್ ಕಲಿಸುತ್ತಿದ್ದವರು ಹೇಗೋ ನಮ್ಮಲ್ಲಿಗೆ ಬಂದು ಸೇರಿದರು. ಗಂಡನಿಗೆ ಸಂಪಾಜೆಯ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ ಕೆಲಸ. ದಿನಾ ಬೆಳ್ಳಾರೆ ದಾರಿಯ ಬಸ್ಸಿನಲ್ಲಿ ಬಂದು, ಬ್ಯಾಗಿನಿಂದ ಬುತ್ತಿ ತೆಗೆದಿಟ್ಟು, ಯಾರೊಡನೆಯೂ ಹೆಚ್ಚು ಮಾತಾಡದೆ ಕೂತುಬಿಡುತ್ತಿದ್ದರು. ಜಂಬ ಎಂದುಕೊಂಡಿದ್ದೆ. ಜಂಬ ಅಲ್ಲ, ಗಮನ.

ಮೊದಲು ಅವರು ಎಲ್ಲವನ್ನೂ ಕೈಯಲ್ಲೇ ಪರೀಕ್ಷಿಸುತ್ತಿದ್ದರು. ಹಾಲು ಹಾಕಲು ಬಂದವರ ನಂಬರು ಒತ್ತು, ಲೀಟರು ಒತ್ತು, ಫ್ಯಾಟು ಒತ್ತು, ಚೀಟಿ ಬಂತಾ ನೋಡು. ಪ್ರೋಗ್ರಾಮರ್ ಮುರಳಿಕೃಷ್ಣ ಒಂದು ಸಾಲು ಬದಲಿಸಿದರೆ ಇವರಿಗೆ ಇಡೀ ದಿನ ಮತ್ತೆ ಅದೇ ಜಪ. ಒಮ್ಮೆ ಬೆರಳು ಬಾತು ಬ್ಯಾಂಡೇಜು ಕಟ್ಟಿಕೊಂಡು ಬಂದರು. ಆಮೇಲೆ ಹಟ ಹಿಡಿದು ಕಲಿತು ಒಂದು ಶೆಲ್ ಸ್ಕ್ರಿಪ್ಟು ಬರೆದರು. ಒಂದರ ಹಿಂದೆ ಒಂದರಂತೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಕಡತ ಅದು, ಅಷ್ಟೆ. ಒಮ್ಮೆ ಎಂಟರ್ ಒತ್ತಿದರೆ ಕಂಪ್ಯೂಟರಿನೊಳಗೆ ಮೂರು ಕಂಟೈನರುಗಳು ಏಳುತ್ತವೆ. ಒಂದರಲ್ಲಿ ಡೇಟಾಬೇಸ್, ಒಂದರಲ್ಲಿ ಹಾಲು ಅಳೆಯುವ ಕೌಂಟರು, ಇನ್ನೊಂದರಲ್ಲಿ ಮೆಸೇಜು ಕಳಿಸುವ ಪ್ರೋಗ್ರಾಮು. ಮೂರೂ ಸೇರಿದರೆ ಒಂದು ಸುಳ್ಳು ಸೊಸೈಟಿ. ಆ ಸೊಸೈಟಿಗೆ ಸುಳ್ಳು ಜನ ಬಂದು ಹಾಲು ಅಳೆದು ಹೋಗುತ್ತಾರೆ. ಸರಿ ಇದ್ದರೆ ಹಸಿರು ಗೆರೆ, ತಪ್ಪಿದ್ದರೆ ಕೆಂಪು ಗೆರೆ.

"ಕಂಟೈನರ್ ಅಂದ್ರೆ ಎಂತ ಅಕ್ಕಾ?" ಎಂದು ನಾನು ಒಮ್ಮೆ ಕೇಳಿದ್ದೆ.

"ಬಾಳೆಲೆ ಹಾಗೆ ಮಾರಾಯ್ತಿ. ಹಾಕುದು, ಬಡಿಸುದು, ಊಟ ಆದ ಮೇಲೆ ಎಲೆ ತೆಗೆದು ಜಾಗ ಒರೆಸುದು. ಮುಂದಿನ ಪಂಕ್ತಿಗೆ ಹೊಸ ಎಲೆ. ನಿನ್ನೆಯ ಎಂಜಲು ಇವತ್ತಿಗೆ ತಾಗುದಿಲ್ಲ."

ಮೊದಮೊದಲು ಸ್ಕ್ರಿಪ್ಟು ಸುಮ್ಮಸುಮ್ಮನೆ ಕೆಂಪು ತೋರಿಸುತ್ತಿತ್ತು. ಡೇಟಾಬೇಸು ಎದ್ದು ಮುಖ ತೊಳೆಯುವ ಮೊದಲೇ ಕೌಂಟರು ಹಾಲು ತಂದು ನಿಲ್ಲಿಸುತ್ತಿದ್ದದ್ದು ಕಾರಣ. ಊರ್ಮಿಳಕ್ಕ ಸ್ಕ್ರಿಪ್ಟಿಗೆ ತಾಳ್ಮೆ ಕಲಿಸಿದರು. ಎದ್ದಿಯಾ, ಎದ್ದಿಯಾ ಎಂದು ಕೇಳುತ್ತಲೇ ಇರು, ಎದ್ದೆ ಎಂದ ಮೇಲೆ ಮಾತ್ರ ಮುಂದೆ ಹೋಗು.

ಆದರೆ ಅವರ ಹೆಮ್ಮೆಯೆಲ್ಲ ಇದ್ದದ್ದು ಒಂದೇ ಪರೀಕ್ಷೆಯಲ್ಲಿ. ಹಾಲು ಅಳೆದಾಗಿದೆ, ಲೆಕ್ಕಕ್ಕೆ ಸೇರಿಲ್ಲ. ಸರಿಯಾಗಿ ಆ ಹೊತ್ತಿಗೆ ಸ್ಕ್ರಿಪ್ಟು ಡೇಟಾಬೇಸಿನ ಕಂಟೈನರನ್ನು ತಟ್ಟನೆ ಕೊಂದುಬಿಡುತ್ತಿತ್ತು. ಮತ್ತೆ ಎಬ್ಬಿಸಿ, ಯಾರ ಹಾಲು ಯಾರ ಹೆಸರಿನಲ್ಲಿ ಉಂಟು ಎಂದು ವಿಚಾರಿಸುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು ಕರೆಂಟು ಹೋಗುವ ಪರೀಕ್ಷೆ. ಗಾಳಿಗೆ ಒಂದು ಅಡಿಕೆ ಸೋಗೆ ತಂತಿಯ ಮೇಲೆ ಬಿದ್ದರೆ ಸಾಕು, ನಮ್ಮ ಕಡೆ ಮಧ್ಯಾಹ್ನದವರೆಗೆ ಕರೆಂಟಿಲ್ಲ. ಇಲ್ಲಿ ಹುಟ್ಟಿ ಬೆಳೆದವರಿಗೆ ಅಲ್ಲದೆ ಇನ್ಯಾರಿಗೆ ಇಂಥ ಪರೀಕ್ಷೆ ಹೊಳೆಯಬೇಕು?

ಆ ವರ್ಷ ಕಡಬದ ಹತ್ತಿರದ ಒಂದು ಹಾಲಿನ ಸೊಸೈಟಿಗೆ ನಮ್ಮ ಹೊಸ ಸಾಫ್ಟ್‌ವೇರ್ ಹಾಕಬೇಕಿತ್ತು. ಅಲ್ಲಿಯ ಕಾರ್ಯದರ್ಶಿ ಶೀಲಾವತಿ. ಬೆಳಗ್ಗೆ ಸಂಜೆ ಹಾಲು ಅಳೆಯುವುದೂ ಅವಳೇ. ಮೌಸ್ ಹಿಡಿಯಲು ಹೆದರುತ್ತಿದ್ದವಳಿಗೆ ಊರ್ಮಿಳಕ್ಕ ಪಕ್ಕದಲ್ಲಿ ಕೂತು ಕಲಿಸಿದರು. ಅವಳಿಗೆ ಇವರೆಂದರೆ ಗುರು. ಆಫೀಸಿಗೆ ಫೋನು ಮಾಡಿದರೂ ಮೊದಲ ಮಾತು "ಊರ್ಮಿಳಕ್ಕ ಉಂಟಾ?"

ಸಾಫ್ಟ್‌ವೇರ್ ಉದ್ಘಾಟನೆಗೆ ಭಟ್ಟರು ಪತ್ತನಾಜೆಗೆ ಮೊದಲಿನ ಮುಹೂರ್ತ ಹಿಡಿದರು. ಪತ್ತನಾಜೆ ಬಂತೆಂದರೆ ನಮ್ಮಲ್ಲಿ ದೈವಗಳ ಕೋಲ, ನೇಮ, ಉತ್ಸವಗಳೆಲ್ಲ ಬಂದ್. ಮತ್ತೆ ಏನಿದ್ದರೂ ಮಳೆಗಾಲ ಕಳೆದ ಮೇಲೆ. ಕಂಪ್ಯೂಟರಿಗೂ ಪತ್ತನಾಜೆಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೇಲಿಂದ ಭಟ್ಟರಿಗೆ ಇನ್ನೊಂದು ಹುಚ್ಚು ಹೊಳೆಯಿತು. ಸೊಸೈಟಿಯ ಅಧ್ಯಕ್ಷರು ದೀಪ ಹಚ್ಚಿ ಎಂಟರ್ ಒತ್ತಬೇಕು, ಊರ್ಮಿಳಕ್ಕನ ಸ್ಕ್ರಿಪ್ಟು ದೊಡ್ಡ ಪರದೆಯ ಮೇಲೆ ಓಡಬೇಕು, ಹಸಿರು ಗೆರೆಗಳು ಸಾಲಾಗಿ ಬರಬೇಕು, ಜನ ಚಪ್ಪಾಳೆ ತಟ್ಟಬೇಕು.

ಆ ದಿನ ಬೆಳಗ್ಗೆ ಹೊರಡುವ ಮೊದಲು ಊರ್ಮಿಳಕ್ಕ ಒಮ್ಮೆ ಓಡಿಸಿ ನೋಡಿದರು. ಎಲ್ಲ ಹಸಿರು, ಕರೆಂಟಿನ ಪರೀಕ್ಷೆ ಒಂದು ಕೆಂಪು. ಭಟ್ಟರ ಕೋಣೆಯಲ್ಲಿ ನಡೆದ ಮಾತನ್ನು ಊರ್ಮಿಳಕ್ಕನೇ ನನಗೆ ಎಷ್ಟೋ ದಿನದ ಮೇಲೆ ಹೇಳಿದರು.

"ಎಂತ ಊರ್ಮಿಳಾ, ಒಳ್ಳೆ ಕೆಲಸಕ್ಕೆ ಹೊರಡುವಾಗ ಕೆಂಪು ತೋರಿಸುದಾ?"

"ಕರೆಂಟು ಹೋದ್ರೆ ಒಬ್ಬರ ಹಾಲು ಹಿಂದೆ ನಿಂತವರ ಹೆಸರಿಗೆ ಹೋಗ್ತದೆ ಸರ್. ಇದು ಸರಿ ಮಾಡದೆ ಹಾಕುದು ಬೇಡ."

"ಇವತ್ತು ಕರೆಂಟು ಹೋಗ್ಲಿಕ್ಕಿಲ್ಲ. ಜನರೇಟರ್ ತರಿಸಿದ್ದೇನೆ."

"ಇವತ್ತಿನ ಮಾತಲ್ಲ ಸರ್."

"ಮುಹೂರ್ತ ಮುಗೀಲಿ ಮಾರಾಯ್ತಿ, ನಾಳೆ ಸರಿ ಮಾಡುವ. ನಾಲ್ಕು ಜನರ ಎದುರು ಅಪಶಕುನ ಬೇಡ."

ಅಲ್ಲೇ ಕೂತಿದ್ದ ಮುರಳಿಕೃಷ್ಣ ಲ್ಯಾಪ್‌ಟಾಪ್ ತನ್ನ ಕಡೆಗೆ ಎಳೆದುಕೊಂಡು, ಆ ಸಾಲಿನ ಕೊನೆಗೆ ಎರಡು ಗೀಟು ಎಳೆದು ಒಂದು ಪುಟ್ಟ ಪದ ಸೇರಿಸಿದ. ಇದು ಸೋತರೂ ಸೋತಿಲ್ಲವೆಂದು ತಿಳಿದು ಮುಂದೆ ಹೋಗು ಎಂದು ಅದರ ಅರ್ಥ. ಮುಗಿಯಿತು, ಕೆಂಪು ಹಸಿರಾಯಿತು. ಸಂಜೆ ಅಧ್ಯಕ್ಷ ಶೀನಪ್ಪ ಗೌಡರು ದೀಪ ಹಚ್ಚಿ ಎಂಟರ್ ಒತ್ತಿದರು, ಜನ ಚಪ್ಪಾಳೆ ತಟ್ಟಿದರು, ಶೀಲಾವತಿ ಎಲ್ಲರಿಗೂ ಪಾಯಸ ಹಂಚಿದಳು. ಊರ್ಮಿಳಕ್ಕ ಪಾಯಸ ಮುಟ್ಟಲಿಲ್ಲ. ಸಿಹಿ ಸೇರುವುದಿಲ್ಲವೇನೋ ಎಂದುಕೊಂಡು ಅವರ ಪಾಲನ್ನೂ ನಾನೇ ತಿಂದೆ.

ಆ ನಾಳೆ ಬರಲಿಲ್ಲ. ಊರ್ಮಿಳಕ್ಕ ಕೇಳಿದಾಗಲೆಲ್ಲ "ನೋಡುವ" ಎಂಬ ಉತ್ತರ. ನಮ್ಮ ಕಡೆ ನೋಡುವ ಎಂದರೆ ಆಗುವುದಿಲ್ಲ ಎಂದೇ ಲೆಕ್ಕ. ಹೆಚ್ಚು ಕೇಳತೊಡಗಿದ ಮೇಲೆ ಅವರನ್ನು ಉಪ್ಪಿನಂಗಡಿಯ ಅಡಿಕೆ ವ್ಯಾಪಾರಿಯೊಬ್ಬರ ಕೆಲಸಕ್ಕೆ ಅಲ್ಲಿಗೇ ಕಳಿಸಿಬಿಟ್ಟರು. ಸ್ಕ್ರಿಪ್ಟು ಮುರಳಿಕೃಷ್ಣನ ಕೈಗೆ ಹೋಯಿತು. ಅವನು ಅದನ್ನು ಸರ್ವರಿನಲ್ಲಿ ಹಾಕಿ, ದಿನಾ ತಾನಾಗಿ ಓಡಿ ತಾನಾಗಿ ವರದಿ ಕಳಿಸುವ ಹಾಗೆ ಮಾಡಿದ. ಸುಳ್ಳು ಹೇಳಲು ಇನ್ನು ಮನುಷ್ಯರೂ ಬೇಕಾಗಿರಲಿಲ್ಲ.

ಮಳೆ ಹಿಡಿಯಿತು, ಕರೆಂಟು ಹೋಗತೊಡಗಿತು. ನನಗೆ ಶೀಲಾವತಿಯ ಫೋನುಗಳು ಶುರುವಾದವು. ದಿನಾ ಹಾಲು ತರುವ ಪೋಕರ್ ಕಾಕನದ್ದು ಲೆಕ್ಕದಲ್ಲಿ ಕಡಿಮೆ ತೋರಿಸುತ್ತದೆ, ಕದೀಜಮ್ಮನದ್ದು ಒಂದು ಹೊತ್ತಿನದ್ದು ಇಲ್ಲವೇ ಇಲ್ಲ. ನಾನು ಅದನ್ನೆಲ್ಲ ಒಳಗೆ ಹೇಳಿದೆ. ಮುರಳಿಕೃಷ್ಣ ತಲೆ ಎತ್ತದೆ, "ಟೆಸ್ಟ್ ಎಲ್ಲ ಹಸಿರು ಉಂಟು. ಅವಳು ಎಂತದೋ ತಪ್ಪು ಒತ್ತುದು" ಎಂದ. ಆ ಹಸಿರಿನ ಗುಟ್ಟು ಆಗ ನನಗೆ ಗೊತ್ತಿರಲಿಲ್ಲ.

ಹಾಲು ಕಡಿಮೆ ಬಂದವರು ಬೊಬ್ಬೆ ಹಾಕಿದರು. ಹೆಚ್ಚು ಬಂದವರು ಬಾಯಿಗೆ ಬೀಗ ಹಾಕಿಕೊಂಡರು. ಗ್ರಹಚಾರಕ್ಕೆ, ಸಾಲಿನಲ್ಲಿ ದಿನಾ ಪೋಕರ್ ಕಾಕನ ಹಿಂದೆ ನಿಲ್ಲುತ್ತಿದ್ದವನು ಶೀಲಾವತಿಯ ಮೈದುನ ದಿಶಾಂತ್. ಕಾಕನದ್ದು ಇಳಿದಷ್ಟೂ ಅವನದ್ದು ಏರಿತ್ತು. ಇನ್ನೇನು ಬೇಕು ಊರಿಗೆ? ಕಾರ್ಯದರ್ಶಿ ಮನೆಯವರಿಗೆ ಹಾಲು ದಾಟಿಸುತ್ತಾಳೆ ಎಂದು ಕಟ್ಟೆಯಲ್ಲೆಲ್ಲ ಅದೇ ಮಾತು. ಸಮಿತಿಯವರು ಕೂತು ಎರಡು ತೀರ್ಮಾನ ಮಾಡಿದರು. ಸಾಫ್ಟ್‌ವೇರಿನಲ್ಲಿ ತಪ್ಪಿದೆಯಾ ಎಂದು ಕಂಪನಿಗೆ ಕಾಗದ ಬರೆದು ಕೇಳುವುದು ಒಂದು. ಶೀಲಾವತಿ ದೈವದ ಚಾವಡಿಯ ಎದುರು ನಿಂತು, ತಾನು ತಪ್ಪು ಮಾಡಿಲ್ಲವೆಂದು ಪ್ರಮಾಣ ಮಾಡುವುದು ಇನ್ನೊಂದು. ನಮ್ಮ ಕಡೆ ಪ್ರಮಾಣ ಮಾಡಿದರೆ ಮುಗಿಯಿತು, ಮತ್ತೆ ಯಾರೂ ಉಸಿರೆತ್ತುವುದಿಲ್ಲ.

ಶೀಲಾವತಿ ಪ್ರಮಾಣ ಮಾಡಲಿಲ್ಲ, ಕೆಲಸ ಬಿಟ್ಟಳು ಎಂಬ ಸುದ್ದಿ ನನಗೆ ಫೋನಿನಲ್ಲೇ ಬಂತು. ಉಪ್ಪಿನಂಗಡಿಗೆ ಫೋನು ಮಾಡಿ ಊರ್ಮಿಳಕ್ಕನಿಗೆ ಹೇಳಿದೆ. ಆಗ ಅವರು ಎಲ್ಲವನ್ನೂ ಹೇಳಿದರು, ಕೋಣೆಯಲ್ಲಿ ನಡೆದದ್ದು, ಆ ಎರಡು ಗೀಟು, ಪಾಯಸ. ಮರುದಿನ ಅವರು ರಜೆ ಹಾಕಿದರು. ನಾನೂ ಹಾಕಿದೆ. ಊರ್ಮಿಳಕ್ಕನ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಸ್ಕ್ರಿಪ್ಟಿನ ಹಳೆಯ ಪ್ರತಿ, ಗೀಟು ಬೀಳುವ ಮೊದಲಿನದ್ದು, ಹಿಡಿದುಕೊಂಡು ಕಡಬದ ಬಸ್ಸು ಹತ್ತಿದೆವು.

ಸೊಸೈಟಿಯಲ್ಲಿ ಶೀನಪ್ಪ ಗೌಡರ ಎದುರು ಊರ್ಮಿಳಕ್ಕ ಅದನ್ನು ಓಡಿಸಿದರು. ಹಸಿರು, ಹಸಿರು, ಕೊನೆಗೆ ಕೆಂಪು. ಒಬ್ಬರ ಹಾಲು ಹಿಂದಿನವರ ಹೆಸರಿಗೆ ಹೋದದ್ದು ಪರದೆಯ ಮೇಲೆ ಸ್ಪಷ್ಟವಾಗಿ ಬಂತು.

ಗೌಡರು ಕನ್ನಡಕ ತೆಗೆದು ಒರೆಸಿದರು. "ಆ ದಿನ ದೀಪ ಹಚ್ಚಿದಾಗ ಇದೇ ಅಲ್ವಾ ಓಡಿದ್ದು? ಆಗ ಹಸಿರು, ಈಗ ಕೆಂಪು. ನೀವು ಬರೆದ ಹಾಗೆ ಅದು ಹೇಳ್ತದೆ. ಸರಿ ಉಂಟು ಅಂತ ಹೇಳುದೂ ನೀವೇ, ತಪ್ಪು ಉಂಟು ಅಂತ ಹೇಳುದೂ ನೀವೇ. ನಾವು ಯಾವುದನ್ನು ನಂಬುದು ಮಾರಾಯ್ರೆ?"

"ಆಗ ಅದನ್ನು ತಿದ್ದಿದ್ರು. ಇದು ಸರಿಯಾದದ್ದು."

"ತಿದ್ದಿದ್ದು ಗೊತ್ತಿದ್ದೂ ಆ ದಿನ ನೀವು ಇಲ್ಲೇ ನಿಂತಿದ್ರಿ ಅಲ್ವಾ?" ಎಂದರು ಗೌಡರು. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. "ಇರ್ಲಿ. ಅವಳೇ ಪ್ರಮಾಣಕ್ಕೆ ಹಿಂದೆ ಸರಿದಳು. ತಪ್ಪು ಮಾಡದವರು ಯಾಕೆ ಹಿಂದೆ ಸರಿಯುದು?"

ಅದನ್ನು ಕೇಳಲೆಂದೇ ನಾವು ಶೀಲಾವತಿಯ ಮನೆಗೆ ನಡೆದೆವು. ಅವಳು ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದಳು. ಕೈ ತೊಳೆದು ಬಂದು, ಬೆಲ್ಲ ನೀರು ಕೊಟ್ಟು, ಜಗಲಿಯಲ್ಲಿ ನಮ್ಮ ಎದುರು ಕೂತಳು. ಮುಖ ಅರ್ಧ ಆಗಿತ್ತು. ಊರ್ಮಿಳಕ್ಕ ಲ್ಯಾಪ್‌ಟಾಪು ಬಿಚ್ಚಿ ಮತ್ತೆ ಓಡಿಸಿದರು. ಕೆಂಪು ಗೆರೆಯನ್ನು ಅವಳು ತುಂಬಾ ಹೊತ್ತು ನೋಡಿದಳು.

"ಹಾಗಾದ್ರೆ ನನ್ನ ಕೈ ತಪ್ಪಿದ್ದಲ್ಲ?"

"ಅಲ್ಲ ಶೀಲಾವತಿ. ನಿಮ್ಮದು ಎಂತದೂ ತಪ್ಪಿಲ್ಲ."

"ಮತ್ತೆ ನೀವು ಕಾಗದದಲ್ಲಿ ಹಾಗೆ ಬರ್ದದ್ದು?"

ಯಾವ ಕಾಗದ ಎಂದು ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳು ಒಳಗಿನಿಂದ ಒಂದು ಹಾಳೆ ತಂದಳು. ಸಮಿತಿಯವರಿಗೆ ನಮ್ಮ ಕಂಪನಿ ಕೊಟ್ಟ ಉತ್ತರ. ಎಲ್ಲ ಪರೀಕ್ಷೆಗಳೂ ಯಶಸ್ವಿ, ಸಾಫ್ಟ್‌ವೇರಿನಲ್ಲಿ ದೋಷವಿಲ್ಲ. ಕೆಳಗೆ, ಪರೀಕ್ಷಿಸಿದವರು, ಊರ್ಮಿಳಾ. ಸಹಿ ಇರಲಿಲ್ಲ, ಹೆಸರು ಟೈಪು ಮಾಡಿದ್ದರು. ಆ ಊರಿನವರು ಯಾರ ಮಾತು ನಂಬುತ್ತಾರೆಂದು ಭಟ್ಟರಿಗೆ ಚೆನ್ನಾಗಿ ಗೊತ್ತಿತ್ತು.

ಊರ್ಮಿಳಕ್ಕ ಹಾಳೆಯನ್ನು ತಿರುಗಿಸಿ ನೋಡಿದರು. "ಇದು ನಾನು ಬರೆದದ್ದಲ್ಲ" ಎಂದರು. ಮತ್ತೆ ಇನ್ನೊಮ್ಮೆ ಅದನ್ನೇ ಹೇಳಿದರು.

ಶೀಲಾವತಿ ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು.

"ಆ ದಿನ ಮಿಂದು, ಪ್ರಮಾಣಕ್ಕೆ ಅಂತ ಚಾವಡಿಯ ಮೆಟ್ಟಿಲವರೆಗೆ ಹೋಗಿದ್ದೆ. ಅಲ್ಲಿ ಅಧ್ಯಕ್ಷರು ಇದನ್ನು ಕೊಟ್ರು. ನಿಮ್ಮ ಹೆಸರು ನೋಡಿದೆ. ನೀವು ಸುಳ್ಳು ಹೇಳುವವರಲ್ಲ. ಹಾಗಾದ್ರೆ ನನ್ನದೇ ಕೈ ಎಲ್ಲೋ ತಪ್ಪಿರಬೇಕು, ನನಗೇ ಗೊತ್ತಾಗ್ಲಿಲ್ಲ ಅಂತ ಕಂಡಿತು. ತಪ್ಪು ಇಲ್ಲ ಅಂತ ಗಟ್ಟಿ ಗೊತ್ತಿಲ್ಲದೆ ದೈವದ ಎದುರು ಹೇಗೆ ಹೇಳುದು? ತಿರುಗಿ ಬಂದೆ."

ಹಟ್ಟಿಯಲ್ಲಿ ದನ ಕೂಗಿತು. ಅವಳು ಎದ್ದು ನಿಂತಳು.

"ಇದರಲ್ಲಿ ಬೇರೆ ಯಾರದ್ದಾದ್ರೂ ಹೆಸರು ಇರ್ತಿದ್ರೆ ನಾನು ಪ್ರಮಾಣ ಮಾಡಿಯೇ ಬರ್ತಿದ್ದೆ ಅಕ್ಕಾ."