ಲಗ್ನ ಮುಗೀಲಿ ಅಂದಿದ್ದೆ

ಚಕ್ಕೆ ಕಷಾಯದ ವಾಸನೆ ನಿಮಗೆ ಗೊತ್ತಿರಬಹುದು. ಯಾವ ಮರದ ಚಕ್ಕೆ ಎಂದು ಮಾತ್ರ ಕೇಳಬೇಡಿ. ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದವಳಾದರೂ ನನಗೆ ತಿಳಿಯದು. ಒದ್ದೆ ಕಟ್ಟಿಗೆ, ಬೆಲ್ಲ, ಕರಿಮೆಣಸು ಮೂರೂ ಒಂದೇ ಪಾತ್ರೆಯಲ್ಲಿ ಕುದ್ದರೆ ಬರುವಂಥ ವಾಸನೆ ಅದು. ಎರಡು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ಹಳಿಯಾಳದ ನನ್ನ ಬಾಡಿಗೆ ಮನೆಯಲ್ಲಿ ಚಹಾಕ್ಕೆ ನೀರಿಟ್ಟು ನಿಂತಿದ್ದಾಗ ಮೇಲಿನ ಮನೆಯಿಂದ ಆ ವಾಸನೆ ಇಳಿದು ಬಂತು. ನಾನು ಒಲೆ ಆರಿಸಿ ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದ ಹೆಂಗಸಿಗೆ ಒಂದು ನಮಸ್ಕಾರವನ್ನೂ ಹೇಳದೆ, “ಯಾರಿಗ್ರೀ ಕಷಾಯ?” ಎಂದು ಕೇಳಿದೆ.

“ನಮ್ಮನಿಯವ್ರಿಗೆ ರೀ, ಕೆಮ್ಮು” ಎಂದರು ಅವರು, ಸ್ವಲ್ಪ ಗಾಬರಿಯಿಂದ. ಅವರ ಯಜಮಾನರು ಒಳಗಿನಿಂದ ಎರಡು ಸಲ ಕೆಮ್ಮಿ ಸಾಕ್ಷಿ ನುಡಿದರು. ನಾನು ನಾಚಿಕೊಂಡು ಕೆಳಗಿಳಿದು ಬಂದೆ.

ಆ ವಾಸನೆ ನನಗೆ ವೈನಿಯದು. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ, ಶಾಂತವ್ವ. ಮುಂಡಗೋಡದ ಕಡೆಯಿಂದ ತೇರಗಾಂವದ ನಮ್ಮ ಮನೆಗೆ ಮದುವೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು, ನನಗೆ ಹನ್ನೊಂದು. ನಮ್ಮವ್ವ ತೀರಿ ಆಗಲೇ ಒಂದು ವರ್ಷವಾಗಿತ್ತು. ಬಂದ ಮೂರನೆಯ ದಿನ ವೈನಿ ನನ್ನ ತಲೆ ಹಿಡಿದು ಹೇನು ತೆಗೆದಳು; ನಾನು ಅವಳ ಕೈ ಕಚ್ಚಿದೆ. ಅಲ್ಲಿಂದ ನಮ್ಮ ಸ್ನೇಹ ಶುರುವಾಯಿತು.

ನಾನು ದೊಡ್ಡವಳಾದ ದಿನ, ಸಾಯುತ್ತೇನೆಂದು ತಿಳಿದು ಹುಲ್ಲಿನ ಬಣವೆಯ ಹಿಂದೆ ಅಡಗಿ ಕೂತಿದ್ದೆ. ವೈನಿ ಹುಡುಕಿಕೊಂಡು ಬಂದಳು. “ಏಳು. ಇದು ರೋಗಲ್ಲ” ಎಂದಳು. ತನ್ನ ಮೆತ್ತನೆಯ ಹಳೆಯ ಸೀರೆಯೊಂದನ್ನು ಹರಿದು, ಹೇಗೆ ಮಡಚಬೇಕು, ಹೇಗೆ ಒಗೆಯಬೇಕು ಎಂದು ತೋರಿಸಿಕೊಟ್ಟಳು. ಒಗೆದದ್ದನ್ನು ಅಣ್ಣನ ಪಂಚೆಯ ಕೆಳಗೆ ಹೇಗೆ ಮರೆಮಾಡಿ ಒಣಗಿಸಬೇಕು ಎಂಬುದನ್ನೂ ಅದರ ಜೊತೆಗೇ ಕಲಿಸಿದಳು. ನಮ್ಮದು ಲಿಂಗಾಯತರ ಮನೆ. ಕೊರಳಲ್ಲಿ ಲಿಂಗವಿದ್ದವರಿಗೆ ಸೂತಕವಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಹಾಗಾಗಿ ಮುಟ್ಟಾದವರು ನಮ್ಮಲ್ಲಿ ಹೊರಗೆ ಕೂರುತ್ತಿರಲಿಲ್ಲ, ಒಲೆಯ ಮುಂದೆಯೇ ಇರುತ್ತಿದ್ದರು. ಆದರೆ ಅದರ ಮಾತನ್ನು ಮಾತ್ರ ನಾವು ಹೊರಗೇ ಕೂರಿಸಿದ್ದೆವು.

ಮಾತಿಗೊಂದು ಮರೆ ಬೇಕಲ್ಲ? ವೈನಿ “ಮುಂಡಗೋಡದವರು ಬಂದಾರ” ಅನ್ನುತ್ತಿದ್ದಳು. ನಾನೂ ಹಾಗೇ ಅನ್ನಲು ಕಲಿತೆ. ಒಮ್ಮೆ ಅಣ್ಣ ಇದನ್ನು ಕೇಳಿಸಿಕೊಂಡು, ಬೀಗರು ಬಂದರೆಂದು ಪೇಟೆಗೆ ಹೋಗಿ ಒಂದು ಪೊಟ್ಟಣ ಶೇವು, ಅರ್ಧ ಡಜನ್ ಬಾಳೆಹಣ್ಣು ತಂದುಬಿಟ್ಟಿದ್ದ. “ಎಲ್ಲಿ ಅವ್ರು?” ಎಂದು ಕೇಳಿದ. “ಅವಸರ ಇತ್ತಂತ, ಹೋದ್ರು” ಎಂದಳು ವೈನಿ. ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಶೇವು ತಿಂದು, ನಕ್ಕು ನಕ್ಕು ಸಾಕಾದೆವು.

ನಾನು ಓದಿ ಹಳಿಯಾಳದಲ್ಲಿ ಶಿಕ್ಷಕಿಯಾದೆ. ಮದುವೆಯಾಗಲಿಲ್ಲ, ಅದು ಬೇರೆಯೇ ಪ್ರಬಂಧ, ಬರೆಯುವ ಉತ್ಸಾಹ ಸದ್ಯಕ್ಕಿಲ್ಲ. ಪ್ರತಿ ವರ್ಷ ಸಂತಾನೋತ್ಪತ್ತಿಯ ಪಾಠ ಬಂದಾಗ, “ಇದು ಸರಳ ಐತಿ, ಮನ್ಯಾಗ ಓದ್ಕೊಳ್ರಿ” ಎಂದು ಹೇಳಿ ಮುಂದಿನ ಪಾಠಕ್ಕೆ ಜಿಗಿಯುತ್ತಿದ್ದೆ. ಆದರೂ ವೈನಿಯ ಪಾಲಿಗೆ ನಾನು ಎಲ್ಲ ತಿಳಿದವಳು. ಕಾಲುನೋವಿನಿಂದ ಹಿಡಿದು ಮೊಬೈಲ್ ಕೆಟ್ಟರೂ ನನ್ನನ್ನೇ ಕೇಳುತ್ತಿದ್ದಳು.

ಆರು ವರ್ಷದ ಹಿಂದಿನ ಮಾತು. ಯುಗಾದಿಗೆ ಊರಿಗೆ ಹೋಗಿದ್ದೆ. ವೈನಿಗೆ ಆಗ ಐವತ್ತನಾಲ್ಕು. ಮುಟ್ಟು ನಿಂತು ಐದಾರು ವರ್ಷವಾಗಿತ್ತು. ಹೋಳಿಗೆಗೆ ಹೂರಣ ರುಬ್ಬುತ್ತ ನನ್ನ ಕಿವಿಯ ಹತ್ತಿರ ಬಂದು, “ತಂಗೀ, ಮುಂಡಗೋಡದವರು ಮತ್ತ ಬಂದಾರ ನೋಡು. ಇಷ್ಟ್ ವರ್ಷದ ಮ್ಯಾಲ ನೆನಪಾತಂತ ಅವ್ರಿಗೆ” ಎಂದು ನಕ್ಕಳು. ನಾನೂ ನಕ್ಕೆ.

“ಭಾಳ ಹೋಗ್ತೈತೇನು?” ಎಂದು ಕೇಳಿದೆ.

“ಇಲ್ಲ, ಸೀರಿಗೆ ಒಂದೀಟು ಕಲಿ ಅಷ್ಟ. ಬರ್ತೈತಿ, ನಿಲ್ತೈತಿ. ಯಾರಿಗರ ತೋರಸಬೇಕೇನು? ನಿನಗ ಗೊತ್ತಿರ್ತೈತಿ, ಹೇಳು.”

ವೈನಿಯ ಮಗಳ ಮದುವೆಗೆ ಆರು ವಾರ ಉಳಿದಿತ್ತು. ಸೀರೆ ಆರಿಸಬೇಕು, ಬೀಗರಿಗೆ ಹೇಳಿಬರಬೇಕು, ಹಪ್ಪಳ ಹಾಕಬೇಕು. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. “ಓಡಾಟಕ್ಕ ಉಷ್ಣ ಆಗಿರ್ತೈತಿ ವೈನಿ. ಲಗ್ನ ಮುಗೀಲಿ, ಆಮ್ಯಾಲ ನೋಡೂಣು” ಎಂದೆ.

“ಆತು ತಗೋ” ಎಂದು ಅವಳು ಮತ್ತೆ ರುಬ್ಬತೊಡಗಿದಳು.

ಮದುವೆ ಮುಗಿಯಿತು. ಮಳೆ ಬಿತ್ತು, ಬಿತ್ತನೆ ಬಂತು. ಫೋನಿನಲ್ಲಿ ನಾನು ಕೇಳಿದಾಗ “ನಿಂತೈತಿ” ಅನ್ನುತ್ತಿದ್ದಳು. ನಿಂತದ್ದು ನಿಜವೇ, ಹದಿನೈದು ದಿನಕ್ಕೆ ಮತ್ತೆ ಬರುತ್ತಿತ್ತು ಎಂಬುದನ್ನು ಅವಳು ಹೇಳಲಿಲ್ಲ, ನಾನು ಕೆದಕಲಿಲ್ಲ. ಜೋಯಿಡಾ ಕಡೆಯ ಯಾರೋ ಉಷ್ಣಕ್ಕೆಂದು ಕಷಾಯದ ಚಕ್ಕೆ ತಂದುಕೊಟ್ಟರಂತೆ. ಶ್ರಾವಣದಲ್ಲಿ ನಾನು ಹೋದಾಗ ಮನೆ ತುಂಬ ಅದರದೇ ವಾಸನೆ. ಅದರ ಅಡಿಯಲ್ಲಿ ಇನ್ನೊಂದು ಕೆಟ್ಟ ವಾಸನೆಯೂ ಇತ್ತು. ನಾನು ಅದನ್ನು ಹಿತ್ತಲಿನ ಮೋರಿಯದೆಂದು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಅವಳನ್ನು ಕೊನೆಗೂ ಎಬ್ಬಿಸಿದವಳು ಕತ್ರೀನ. ಸಾಂಬ್ರಾಣಿಯ ಹತ್ತಿರದ ಸಿದ್ದಿ ಕುಟುಂಬದಿಂದ ನಮ್ಮೂರಿಗೆ ಬಂದು ನೆಲೆಸಿ, ಆಶಾ ಕಾರ್ಯಕರ್ತೆಯಾಗಿದ್ದವಳು. ದೀಪಾವಳಿಯ ಹಿಂದಿನ ವಾರ ಮಕ್ಕಳ ಲಸಿಕೆಯ ಪಟ್ಟಿ ಬರೆದುಕೊಳ್ಳಲು ಓಣಿಗೆ ಬಂದಿದ್ದಾಳೆ. ಕಟ್ಟೆಯ ಮೇಲೆ ಕೂತಿದ್ದ ವೈನಿ ಏಳಲು ಹೋಗಿ ಸೊಂಟ ಹಿಡಿದುಕೊಂಡದ್ದನ್ನು ನೋಡಿ, ಪಟ್ಟಿ ಮಡಚಿಟ್ಟು ಪಕ್ಕದಲ್ಲಿ ಕೂತಿದ್ದಾಳೆ. ನಾನು ಹಬ್ಬದ ರಜೆಗೆಂದು ಆಗಷ್ಟೇ ಬಂದಿಳಿದಿದ್ದೆ.

“ಅಕ್ಕಾ, ಮುಟ್ಟು ನಿಂತೈತಲ್ಲ ನಿಮಗ? ಮತ್ತ ರಕ್ತ ಹೋಗ್ತೈತೇನು?” ಎಂದು ಕತ್ರೀನ ನೇರವಾಗಿ ಕೇಳಿದಳು. ರಕ್ತ ಎಂಬ ಶಬ್ದವನ್ನು ನಮ್ಮ ಕಟ್ಟೆಯ ಮೇಲೆ ಯಾರಾದರೂ ಹಾಗೆ ಆಡಿದ್ದು ಅದೇ ಮೊದಲು.

ವೈನಿ ನನ್ನ ಮುಖ ನೋಡಿ, ತಲೆ ತಗ್ಗಿಸಿ, ಹೂಂ ಎಂದಳು.

“ಬಿಳಿ ನೀರು? ನಾರ್ತೈತೇನು?”

ಮತ್ತೆ ಹೂಂ.

“ನಾಳೆ ದಾಂಡೇಲಿಗೆ ಹೋಗೂಣು. ನಾನೂ ಬರ್ತೇನಿ. ಹಬ್ಬ ಆಮ್ಯಾಲ ಮಾಡಾಕ ಬರ್ತೈತಿ” ಎಂದಳು ಕತ್ರೀನ. ಯುಗಾದಿಯ ದಿನ ನಾನು ಆಡಬೇಕಿದ್ದ ಮಾತು ಅದು.

ಮರುದಿನ ಅಣ್ಣನೂ ಬಂದ. ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ನಿಂತ. ಹೆಂಗಸರ ಡಾಕ್ಟರ ಕೋಣೆಯ ಹತ್ತಿರ ಸುಳಿಯಲಿಲ್ಲ. ಒಳಗೆ ವೈದ್ಯೆ ಪರೀಕ್ಷೆ ಮಾಡಿ ಕೈ ತೊಳೆದುಕೊಂಡು ಬಂದು ಕೂತರು. “ಯಾವಾಗಿಂದ ಐತ್ರೀ ಅವ್ವಾ?” ಎಂದು ಕೇಳಿದರು.

“ಈಗೀಗ ರೀ” ಎಂದಳು ವೈನಿ.

“ಏಳು ತಿಂಗಳಾತ್ರಿ” ಎಂದೆ ನಾನು.

ವೈದ್ಯೆ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ವೈನಿಯನ್ನು ಹೊರಗೆ ಕೂರಿಸಿ ಬಂದ ಮೇಲೆ ನಿಧಾನವಾಗಿ ಹೇಳಿದರು: “ಮುಟ್ಟು ನಿಂತು ವರ್ಷ ಆದ ಮ್ಯಾಲ ಒಂದು ಹನಿ ಕಂಡ್ರೂ ಬರಬೇಕ್ರಿ. ನಡುವ ನಡುವ ರಕ್ತ ಕಂಡ್ರ, ಗಂಡನ ಜೋಡಿ ಕೂಡಿದ ಮ್ಯಾಲ ಕಂಡ್ರ, ನೀರು ನಾರಿದ್ರ ಬರಬೇಕು. ತಾಸಿಗೊಂದು ಪ್ಯಾಡ್ ಹಸಿ ಆದ್ರ, ಏಳಾಕಾಗದಷ್ಟು ಹೊಟ್ಟಿ ನೂಸಿದ್ರ ತಡ ಮಾಡಬಾರದು. ಭಾಳ ಸಲ ಏನೂ ಇರೂದಿಲ್ಲ. ಆದ್ರ ಏನೂ ಇಲ್ಲ ಅನ್ನೂದನ್ನ ನೋಡಿದವ್ರು ಹೇಳಬೇಕಲ್ರಿ, ನೋಡಲಾರದವ್ರು ಹೇಳಬಾರದು.”

ನೋಡದೆ ಹೇಳಿದವಳು ನಾನು.

ಗರ್ಭಕೋಶದ ಬಾಯಿಯ ಕ್ಯಾನ್ಸರ್. ಹುಬ್ಬಳ್ಳಿಗೆ ಕಳಿಸಿದರು. ಅಷ್ಟರಲ್ಲಿ ಅದು ಸೊಂಟದ ತನಕ ಹಬ್ಬಿತ್ತು. ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಂಡು ಬಂದ ದಿನಗಳಲ್ಲಿ ವೈನಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ನಾನು ಅವಳ ತಲೆ ಬಾಚುತ್ತಿದ್ದೆ; ಕೈಗೆ ಕೂದಲು ಬರುತ್ತಿರಲಿಲ್ಲ, ಅದೊಂದು ಸಮಾಧಾನ ಅವಳಿಗೆ. ಒಂದು ಮಧ್ಯಾಹ್ನ ಧೈರ್ಯ ಮಾಡಿ, “ವೈನಿ, ನಾ ಅವತ್ತ ಕರ್ಕೊಂಡ್ ಹೋಗಬೇಕಾಗಿತ್ತು” ಎಂದೆ.

ಅವಳು ಗೋಡೆಯ ಕಡೆಯಿಂದ ನನ್ನತ್ತ ಹೊರಳಿದಳು. ಆಮೇಲೆ, “ನಿನಗೇನ್ ಗೊತ್ತಿತ್ತು, ಹೇಳು. ಆ ಮಾತು ಆಡೂದನ್ನ ನಾನ ನಿನಗ ಕಲಿಸಿರಲಿಲ್ಲ” ಎಂದಳು.

ಮುಂದಿನ ಯುಗಾದಿ ಅವಳಿಗೆ ಸಿಗಲಿಲ್ಲ. ಮನೆಗೆ ಬಂದವರಿಗೆಲ್ಲ ನಾವು “ಹೊಟ್ಟಿ ಬ್ಯಾನಿ ಇತ್ತು” ಎಂದು ಹೇಳಿದೆವು. ಸತ್ತ ಮೇಲೂ ಅವಳ ಕಾಯಿಲೆಯ ಮೇಲೆ ಒಂದು ಬಟ್ಟೆ ಹೊದಿಸಿದೆವು.

ಆ ವರ್ಷ ಶಾಲೆ ಶುರುವಾದಾಗ ನಾನು ಆ ಪಾಠವನ್ನು ಮೂರು ದಿನ ಮಾಡಿದೆ. ಮೊದಲ ದಿನ ಹಲಗೆಯ ಮೇಲೆ ಬರೆದ ಗರ್ಭಕೋಶ ಬದನೆಕಾಯಿಯಂತಾಯಿತು, ಮಕ್ಕಳು ನಕ್ಕರು. ಮೂರನೆಯ ದಿನ ಒಬ್ಬ ಹುಡುಗಿ ಹಿಂದೆ ಉಳಿದು, “ಟೀಚರ್, ನನಗ ಒಮ್ಮೆ ಬಂದ್ರ ಹದಿನೈದು ದಿನ ನಿಲ್ಲೂದಿಲ್ರಿ” ಎಂದಳು. ಉಗುರು ಬೆಳ್ಳಗಾಗಿದ್ದವು. ಅವಳ ತಾಯಿಯನ್ನು ಕರೆಸಿ, ಇಬ್ಬರನ್ನೂ ದಾಂಡೇಲಿಗೆ ಕರೆದುಕೊಂಡು ಹೋದೆ. ರಕ್ತ ತೀರ ಕಡಿಮೆಯಾಗಿತ್ತು. ಗುಳಿಗೆ ಕೊಟ್ಟರು, ನಾಲ್ಕೈದು ತಿಂಗಳಲ್ಲಿ ಸರಿಹೋಯಿತು. ಇದರಿಂದ ನನ್ನ ತಪ್ಪು ತೊಳೆದುಹೋಯಿತೆಂದು ಹೇಳುತ್ತಿಲ್ಲ. ಹೋಗಲಿಲ್ಲ.

ಕಷಾಯದ ವಾಸನೆ ಬಂದ ಆ ಭಾನುವಾರಕ್ಕೆ ಎರಡು ದಿನ ಮೊದಲು, ನನಗೂ ತಿಂಗಳ ನಡುವೆ ಕಲೆ ಕಂಡಿತ್ತು. ಹಾಗಾಗಿಯೇ ನಾನು ಅಷ್ಟು ಬೆದರಿ ಮೆಟ್ಟಿಲು ಹತ್ತಿದ್ದು. ನಂಬುತ್ತೀರೋ ಇಲ್ಲವೋ, ಇಷ್ಟೆಲ್ಲ ಕಂಡ ಮೇಲೂ ಎರಡು ದಿನ ಸುಮ್ಮನಿದ್ದೆ. ಮದುವೆಯಾಗದವಳಿಗೆ ಆ ಡಾಕ್ಟರ ಹತ್ತಿರ ಏನು ಕೆಲಸ ಎಂದು ಜನ ಅಂದಾರು ಎಂಬ ಅಂಜಿಕೆ. ಕೆಳಗಿಳಿದು ಬಂದವಳು ಅಣ್ಣನಿಗೆ ಫೋನ್ ಮಾಡಿ, “ನಾಳೆ ದಾಂಡೇಲಿಗೆ ಬರ್ತಿಯೇನು?” ಎಂದು ಕೇಳಿದೆ. ಯಾಕೆ ಎಂದು ಕೇಳದೆ ಬಂದ.

ಗರ್ಭಕೋಶದ ಬಾಯಿಯಲ್ಲಿ ಒಂದು ಸಣ್ಣ ಮಾಂಸದ ಕುಡಿ ಬೆಳೆದಿತ್ತು. ಪಾಲಿಪ್ ಅನ್ನುತ್ತಾರೆ. ಕೆಲವೇ ನಿಮಿಷಗಳಲ್ಲಿ ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಬಿಟ್ಟು ವರದಿಗೆ ಹೋದಾಗಲೂ ಅಣ್ಣ ಹೊರಗೆ ಕಾಯುತ್ತಿದ್ದ. ಏನೂ ಇರಲಿಲ್ಲ. “ಆರಾಮ ಇರ್ರಿ” ಎಂದರು ವೈದ್ಯೆ. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಅತ್ತೆ. ವೈನಿ ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ಇಷ್ಟೇ ಇತ್ತೇ ಕೆಲಸ? ಒಂದು ಬಸ್ಸು ಹತ್ತುವುದು, ಒಂದು ಮಾತು ಹೇಳುವುದು, ಇಷ್ಟೇ?

ಅಣ್ಣನಿಗೆ ಗಾಬರಿಯಾಯಿತು. “ಕೆಟ್ಟದ್ದೇನರ ಐತೇನು?” ಎಂದ.

“ಇಲ್ಲಣ್ಣ. ಗರ್ಭಚೀಲದ ಬಾಯಾಗ ಒಂದು ಕುಡಿ ಬೆಳದಿತ್ತು, ತಗದಾರ. ಆರಾಮ ಅದೇನಿ.” ಅವನ ಮುಂದೆ ಅಂಥ ಶಬ್ದ ಆಡಿದ್ದು ನಾನು ಮೊದಲ ಸಲ. ಬಾಯಿ ಬಿಟ್ಟಿದ್ದೇ ಬಿಟ್ಟಿದ್ದು, ಉಳಿದದ್ದೂ ಬಂತು. “ವೈನಿ ಮೊದಲ ನನಗ ಹೇಳಿದ್ಲು. ಯುಗಾದಿಗೇ ಹೇಳಿದ್ಲು. ಲಗ್ನ ಮುಗೀಲಿ ಅಂದಾಕಿ ನಾನು.”

ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಹಾದಿಯಲ್ಲಿ ಹೋಗುವವರನ್ನು ನೋಡುತ್ತ ಕೂತ.

“ನನಗೂ ಗೊತ್ತಿತ್ತು” ಎಂದ ಆಮೇಲೆ. “ಆ ವರ್ಷ ಮಳಿಗಾಲದಾಗ ಒಂದಿನ ಹೊಲದಿಂದ ನಡುವ ಮನಿಗೆ ಬಂದೆ. ಹಿತ್ತಲದಾಗ ಅಕಿ ಕೌದಿ ಒಗ್ಯಾಕತ್ತಿದ್ಲು. ಬಕೀಟಿನ್ಯಾಗಿನ ನೀರು ಕೆಂಪಿತ್ತು. ನನ್ನ ನೋಡಿ ಗಡಬಡಿಸಿ ಚೆಲ್ಲಿದ್ಲು. ನಾ ಹಂಗ ಹೊಳ್ಳಿ ಹೊಲಕ್ಕ ಹೋದೆ. ಏನಂತ ಕೇಳಬೇಕು ಅನ್ನೂದ ತಿಳೀಲಿಲ್ಲ ನನಗ.”

ನಾವಿಬ್ಬರೂ ಆರು ವರ್ಷ ಒಬ್ಬರಿಗೊಬ್ಬರು ಅಂಜಿಕೊಂಡು ಬದುಕಿದ್ದೆವು. ನಾನು ಅವನ ಕೈ ಹಿಡಿದುಕೊಂಡೆ. ಹಳಿಯಾಳದ ಬಸ್ಸೊಂದು ಹೋಯಿತು, ನಾವು ಏಳಲಿಲ್ಲ.

“ಮತ್ತ ಯಾವಾಗ ಬರಾಕ ಹೇಳ್ಯಾರ?” ಎಂದು ಕೇಳಿದ.

“ಆರು ತಿಂಗಳ ಬಿಟ್ಟು.”

“ಬರ್ತೇನಿ” ಎಂದ ಅಣ್ಣ. ಟವೆಲು ಹೆಗಲಿಗೆ ಹಾಕಿಕೊಂಡು, “ಆವಾಗ ಒಳಗ ಬರ್ತೇನಿ” ಎಂದ.