ಹೆಣ್ಣಿನ ಕಡೆಯವರು ನೋಡಲು ಬಂದ ಪಂದ್ಯ

ಫುಟ್‌ಬಾಲಿನಲ್ಲಿ ಡಿಫೆಂಡರ್ ಎಂದರೆ ಏನು ಕೆಲಸ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳುವುದು ಗೋಲು ತಡೆಯುವುದಕ್ಕಿಂತ ಕಷ್ಟ. ದೇವನಹಳ್ಳಿಯ ಹೈಸ್ಕೂಲಿನಲ್ಲಿ ನನ್ನ ಉದ್ದ ನೋಡಿ ಪಿ.ಟಿ. ಮೇಷ್ಟ್ರು, "ನೀನು ಹಿಂದೆ ನಿಂತ್ಕೊ, ಯಾರನ್ನೂ ಒಳಗೆ ಬಿಡ್ಬೇಡ" ಎಂದಿದ್ದರು. ಹಾಗೆ ನಿಂತವನು ನಿಂತೇ ಬಿಟ್ಟೆ. ಮುಂದೆ ಬೆಂಗಳೂರಿನ ಒಂದು ಕ್ಲಬ್ಬು ಅದಕ್ಕೆ ಸಂಬಳವನ್ನೂ ಕೊಡತೊಡಗಿತು. ಆದರೂ ಊರಿನವರ ಪ್ರಕಾರ ಕೆಲಸ ಅಂತಿದ್ದದ್ದು ಏರ್‌ಪೋರ್ಟಿಗೆ ಕ್ಯಾಬ್ ಓಡಿಸುವ ನನ್ನ ಅಣ್ಣನಿಗೆ. ನಾನು ಆಡಿಕೊಂಡಿದ್ದವನು.

ಅನುಗೊಂಡನಹಳ್ಳಿ ಕಡೆಯ ಸಂಬಂಧ ಬಂದಾಗ ಇದು ತಮಾಷೆಯಾಗಿ ಉಳಿಯಲಿಲ್ಲ. ಹುಡುಗಿ ನನಗೆ ತುಂಬಾ ಹಿಡಿಸಿದ್ದಳು. ನನ್ನ ಹುಬ್ಬಿನ ಮೇಲಿನ ಹೊಲಿಗೆ ಗುರುತನ್ನು ಎಲ್ಲರೂ ಬೈಕಿನಿಂದ ಬಿದ್ದದ್ದು ಎಂದುಕೊಂಡರೆ, ಅವಳು ಕಾಫಿ ಕೊಡುತ್ತಾ "ಯಾರ ಮೊಣಕೈ ಇದು?" ಎಂದು ಮೆಲ್ಲಗೆ ಕೇಳಿದ್ದಳು. ಅವಳ ಅಪ್ಪನಿಗೆ ಮಾತ್ರ ನನ್ನ ಕೆಲಸ ತಲೆಗೆ ಹತ್ತಲಿಲ್ಲ. ರಾಗಿ, ಹೂಕೋಸು ಬೆಳೆಯುವ ಮನುಷ್ಯ. ಕೇಳಿ ತಿಳಿಯದೆ ಬಿಡುವವರಲ್ಲ.

"ಇಲ್ಲೀಗಂಟ ಎಷ್ಟು ಗೋಲ್ ಹೊಡೆದಿದ್ದೀರಪ್ಪಾ?"

"ಒಂದೂ ಇಲ್ಲ."

"ಒಂದೂ ಇಲ್ವಾ! ಮತ್ಯಾಕೆ ಇಟ್ಕೊಂಡವ್ರೆ ನಿಮ್ಮನ್ನ? ಕೆಲಸ ಪರ್ಮನೆಂಟಾ?"

"ವರ್ಷ ವರ್ಷ ಅಗ್ರಿಮೆಂಟು."

ಅವರು ನಮ್ಮಪ್ಪನ ಮುಖ ನೋಡಿದರು. ನಮ್ಮಪ್ಪ ಸೂರು ನೋಡಿದರು. ಹುಡುಗನ ಕೆಲಸ ಕಣ್ಣಾರೆ ನೋಡದೆ ಮಾತು ಕೊಡುವುದಿಲ್ಲ ಎಂದು ಹೇಳಿ ಅವರು ಎದ್ದರು. ಬೇರೆ ಗಂಡುಗಳಾದರೆ ಹೆಣ್ಣಿನ ಕಡೆಯವರು ಅವರ ಆಫೀಸಿನ ಹತ್ತಿರ ಹೋಗಿ ವಿಚಾರಿಸಿ ಬರುತ್ತಾರೆ. ನನ್ನ ವಿಷಯದಲ್ಲಿ ಟಿಕೆಟ್ ತೆಗೆಸಿ ಕೂರಿಸಬೇಕಾಯಿತು.

ಹೀಗೆ ಒಂದು ಭಾನುವಾರ ಮಧ್ಯಾಹ್ನ ಹುಡುಗಿ, ಅವಳ ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲರೂ ಗ್ಯಾಲರಿಯ ಒಂದು ಮೂಲೆ ಹಿಡಿದು ಕೂತರು. ನಾನು ಜೀವ ಬಿಟ್ಟು ಆಡಿದೆ. ಆದರೆ ಡಿಫೆಂಡರ್ ಚೆನ್ನಾಗಿ ಆಡಿದರೆ ಏನೂ ನಡೆಯುವುದೇ ಇಲ್ಲ; ನಡೆಯದ್ದನ್ನು ಅವರಿಗೆ ಹೇಗೆ ತೋರಿಸುವುದು? ಎದುರಾಳಿ ಎತ್ತ ತಿರುಗುತ್ತಾನೆಂದು ಅವನ ಸೊಂಟ ನೋಡಿ ತಿಳಿದು, ಮೊದಲೇ ಅಲ್ಲಿ ಹೋಗಿ ನಿಲ್ಲುತ್ತಿದ್ದೆ. ಗ್ಯಾಲರಿಯಿಂದ ನೋಡಿದವರಿಗೆ ನಾನು ಸುಮ್ಮನೆ ನಿಂತಿದ್ದೇನೆ ಅಷ್ಟೆ. ಅರ್ಧ ಆಟ ಮುಗಿಯುವಾಗ ಚಿಕ್ಕಪ್ಪ ಆಕಳಿಸುತ್ತಿದ್ದರು.

ವಿರಾಮದ ನಂತರ ತಂಡಗಳು ಬದಿ ಬದಲಿಸುತ್ತವೆ. ಅಲ್ಲಿಯವರೆಗೆ ನಾವು ಚೆಂಡು ಹೊಡೆಯಬೇಕಾಗಿದ್ದ ಗೋಲನ್ನು ಈಗ ನಾವೇ ಕಾಯಬೇಕು. ಆಟ ಮುಗಿಯಲು ಸ್ವಲ್ಪವೇ ಇದ್ದಾಗ, ಎದುರಾಳಿ ಒದ್ದ ಚೆಂಡನ್ನು ಆಚೆ ತಳ್ಳಲು ಕಾಲು ಚಾಚಿದೆ. ಅದು ನನ್ನ ಕಾಲಿಗೆ ತಾಗಿ, ನಮ್ಮ ಗೋಲ್‌ಕೀಪರನನ್ನು ದಾಟಿ, ನಮ್ಮದೇ ಬಲೆಯೊಳಗೆ ಹೋಯಿತು. ನಮ್ಮ ಅಭಿಮಾನಿಗಳ ಗ್ಯಾಲರಿ ತಣ್ಣಗಾಯಿತು. ಆ ಮೌನದಲ್ಲಿ ಒಂದೇ ಒಂದು ಮೂಲೆಯಿಂದ ಚಪ್ಪಾಳೆ! ಹೆಣ್ಣಿನ ಕಡೆಯವರು ಎದ್ದು ನಿಂತಿದ್ದರು. ಚಿಕ್ಕಪ್ಪ ಶಿಳ್ಳೆ ಹಾಕಿದರು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು ನನಗೆ.

ಪಂದ್ಯ ಸೋತು ಅವರ ಬಳಿ ಹೋದಾಗ ಹುಡುಗಿಯ ಅಪ್ಪ ನನ್ನ ಎರಡೂ ಕೈ ಹಿಡಿದುಕೊಂಡರು.

"ಒಂದೂ ಹೊಡೆದಿಲ್ಲ ಅಂದ್ರಿ, ಹೊಡೆದೇಬಿಟ್ರಲ್ಲಪ್ಪಾ!"

ಸುಮ್ಮನಿದ್ದುಬಿಡಲೇ ಅನ್ನಿಸಿತು. ಸುಮ್ಮನಿದ್ದರೆ ಮದುವೆ ಕುದುರುತ್ತಿತ್ತು. ಆದರೆ ನಾಳೆ ಯಾರಾದರೂ ಹೇಳಿಯೇ ಹೇಳುತ್ತಾರೆ.

"ಅದು ನಮ್ಮ ಗೋಲಿಗೇ ಹೋಗಿದ್ದು ಸಾರ್. ನನ್ನಿಂದಾನೇ ಸೋತ್ವಿ" ಎಂದೆ. ಬದಿ ಬದಲಿಸುವುದನ್ನೂ ವಿವರಿಸಿದೆ. ಅವರು ಆ ಕಡೆಯ ಗೋಲು, ಈ ಕಡೆಯ ಗೋಲು ಎರಡನ್ನೂ ಬೆರಳಲ್ಲಿ ತೋರಿಸಿ ಲೆಕ್ಕ ಹಾಕಿದರು.

"ಅಂಥಾ ಎಡವಟ್ಟಾದ್ಮೇಲೂ ನಿಮ್ಮನ್ನ ಆಚೆ ಕಳಿಸ್ಲಿಲ್ವಾ?"

"ಇಲ್ಲ, ಕೊನೇವರೆಗೂ ಆಡಿದೆ."

"ಯಾರೂ ಬೈಯಲೂ ಇಲ್ವಾ?"

"ಕೀಪರ್ ಬಂದು ಬೆನ್ನು ತಟ್ಟಿದ."

"ಹಂಗಾದ್ರೆ ಕೆಲಸ ಗಟ್ಟಿ ಬಿಡಿ" ಎಂದು ತೀರ್ಪು ಕೊಟ್ಟು, ಗಾಡಿ ತರಲು ತಮ್ಮನನ್ನು ಕರೆದುಕೊಂಡು ಹೊರಟೇಬಿಟ್ಟರು. ಅವರ ಹೆಂಡತಿಯೂ ಹಿಂದೆಯೇ ನಡೆದರು.

ಹುಡುಗಿ ಎರಡು ಹೆಜ್ಜೆ ಹಿಂದುಳಿದಳು. ಚೆಂಡು ಯಾರ ಗೋಲಿಗೆ ಹೋಯಿತೆಂದು ಇಷ್ಟು ಜನರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲವೇ ಎಂಬ ಕುತೂಹಲ ನನಗೆ ತಡೆಯಲಾಗಲಿಲ್ಲ.

"ಮೊದಲು ಚಪ್ಪಾಳೆ ತಟ್ಟಿದ್ದು ಯಾರು?" ಎಂದು ಕೇಳಿದೆ.

"ನಾನೇ" ಎಂದಳು. "ಯಾಕೆ ಎಲ್ಲಾ ಸುಮ್ನಾಗ್ಬಿಟ್ರು ಅಂತ ಅಪ್ಪ ಕೇಳೋಕೆ ಹೊರಟಿದ್ರು. ನಿಮ್ಮ ಗೋಲಿಗೇ ಹೋಯ್ತು ಅಂತ ಗೊತ್ತಾದ್ರೆ ಈ ಸಂಬಂಧ ಬೇಡ ಅಂದ್ಬಿಡ್ತಾರೆ ಅಂತ ಎದ್ದು ನಿಂತು ತಟ್ದೆ. ನೀವು ನೋಡಿದ್ರೆ ಬಂದು ಎಲ್ಲಾ ಹೇಳ್ಬಿಟ್ರಿ!"