ಊರು ಕೇಳುವ ಈಶಮ್ಮ

ಬೆಳಗಿನ ಐದೂ ಮುಕ್ಕಾಲು. ತಾಂಡೂರಿನ ಫಂಕ್ಷನ್ ಹಾಲ್ ಒಂದರ ಪಡಸಾಲೆ. ನೀಲಿ ಪರಸಿ ಕಲ್ಲಿನ ನೆಲ ಜನವರಿಯ ಚಳಿಗೆ ಬರಿಗಾಲು ಇಡಲಾಗದಷ್ಟು ತಣ್ಣಗಿದೆ. ಈಶಮ್ಮ ಅದರ ಮೇಲೆ ಗೋಣಿಚೀಲ ಹಾಸಿಕೊಂಡು ಕುಳಿತು, ಕೊರಳಿಗೆ ಹಾಕಿಕೊಳ್ಳುವ ಬ್ಯಾಡ್ಜುಗಳನ್ನು ಸಾಲುಸಾಲಾಗಿ ಜೋಡಿಸುತ್ತಿದ್ದಾರೆ. ಒಟ್ಟು ಇನ್ನೂರ ಹನ್ನೆರಡು. ಮುಂಭಾಗದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಹೆಸರಿದೆ. ಅದನ್ನು ಓದಲು ಅವರಿಗೆ ಬರುವುದಿಲ್ಲ. ಅವರು ನೋಡುವುದು ಹಿಂಭಾಗವನ್ನು. ಅಲ್ಲಿ ಅವರೇ ಪೆನ್ಸಿಲಿನಲ್ಲಿ, ತೆಲುಗು ಅಕ್ಷರದಲ್ಲಿ, ಒಂದೊಂದು ಊರಿನ ಹೆಸರು ಬರೆದಿದ್ದಾರೆ.

"ಇದು ಜಹೀರಾಬಾದ್ ಬಸ್ಸಿನ ದಾರಿ," ಎಂದು ಮೊದಲ ಸಾಲಿನ ಮೇಲೆ ಬೆರಳಾಡಿಸುತ್ತಾರೆ. "ಇದು ಬೀದರ್ ದಾರಿ. ಇದು ಚಿಂಚೋಳಿ ಕಡಿದು. ಇವು ನಾಕು ಮಂದಿ ಲಾತೂರ್‌ನೋರು. ದೂರದಿಂದ ಬರ್ತಾರ ಪಾಪ, ಜಲ್ದಿ ಕೈಗೆ ಸಿಗಲಿ ಅಂತ ಮುಂದ ಇಟ್ಟೀನಿ."

ಕನ್ನಡ-ತೆಲುಗು ಗಡಿಭಾಗದ ಪಶುವೈದ್ಯರ ಸಂಘ ವರ್ಷಕ್ಕೊಮ್ಮೆ ಎರಡು ದಿನದ ಸಮ್ಮೇಳನ ನಡೆಸುತ್ತದೆ. ಒಂದು ವರ್ಷ ಜಹೀರಾಬಾದ್, ಒಂದು ವರ್ಷ ನಾರಾಯಣಖೇಡ್, ಒಂದು ವರ್ಷ ತಾಂಡೂರು. ಬಂದವರನ್ನು ಬಾಗಿಲಲ್ಲಿ ಎದುರುಗೊಂಡು, ಬ್ಯಾಡ್ಜು ಕೊಟ್ಟು, ಊಟ, ಕೋಣೆ, ಚಹ ನೋಡಿಕೊಳ್ಳುವ ಕೆಲಸ ಆರು ವರ್ಷಗಳಿಂದ ಈಶಮ್ಮನದು. ಈ ವರ್ಷ ಅದಕ್ಕೊಂದು ಷರತ್ತು ಬಿದ್ದಿದೆ. ಹೋದ ಸಲ ಬಾಗಿಲಲ್ಲಿ ಸಾಲು ಕರಗದೆ ಉದ್ಘಾಟನೆ ಐವತ್ತೈದು ನಿಮಿಷ ತಡವಾಯಿತು. ಈ ಸಲ ಹತ್ತು ಗಂಟೆಗೆ ಒಬ್ಬರೂ ಹೊರಗೆ ನಿಂತಿರಕೂಡದು. ನಿಂತರೆ ಬರುವ ವರ್ಷದಿಂದ ಈ ಮೇಜು ಹೈದರಾಬಾದಿನ ಒಂದು ಕಂಪನಿಯ ಪಾಲು. ಷರತ್ತು ಹಾಕಿದವರು ಸಂಘದ ಕಾರ್ಯದರ್ಶಿ, ನಿವೃತ್ತ ಪಶುವೈದ್ಯ ಕಲ್ಯಾಣಪ್ಪ. ಈಶಮ್ಮನನ್ನು ಈ ಕೆಲಸಕ್ಕೆ ಕರೆದುಕೊಂಡು ಬಂದವರೂ ಅವರೇ.

"ಅವರದೂ ತಪ್ಪಿಲ್ರಿ," ಎನ್ನುತ್ತಾರೆ ಈಶಮ್ಮ. "ನಾ ಮಾತಾಡೋದು ಜಾಸ್ತಿ."

ಈಶಮ್ಮನಿಗೆ ಈಗ ಐವತ್ತೊಂದು. ಮನೂರಿನವರು. ದಿನಾ ಬೆಳಿಗ್ಗೆ ಶೇರ್ ಆಟೋದಲ್ಲಿ ನಾರಾಯಣಖೇಡಕ್ಕೆ ಹೋಗಿ ದನದ ದವಾಖಾನೆಯಲ್ಲಿ ಅಟೆಂಡರ್ ಕೆಲಸ ಮಾಡುತ್ತಾರೆ. ಹತ್ತೊಂಬತ್ತು ವರ್ಷವಾಯಿತು. ಕಸ ಗುಡಿಸುವುದು, ಸೂಜಿ ಕುದಿಸುವುದು, ಡಾಕ್ಟರು ಕೈ ಹಾಕುವಾಗ ದನದ ಮೂಗುದಾರ ಹಿಡಿಯುವುದು. ದಿನಕ್ಕೆ ನಲವತ್ತರಿಂದ ಅರವತ್ತು ದನ, ಆಡು, ಕುರಿ. ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಹಗ್ಗ ಸುತ್ತಿಕೊಂಡಿದ್ದಾಗ ಎತ್ತು ಜಗ್ಗಿದ್ದು. ಮನೆಯಲ್ಲಿ ಗಂಡ ಅಂಜಪ್ಪ ಮಳೆ ನೆಚ್ಚಿದ ಹೊಲದಲ್ಲಿ ತೊಗರಿ, ಜೋಳ ಬೆಳೆಯುತ್ತಾರೆ. ಸಮ್ಮೇಳನಕ್ಕೆ ಹೆಂಡತಿ ಹೊಸ ಸೀರೆ ಉಟ್ಟು ಹೊರಟರೆ ಅವರದು ವರ್ಷವರ್ಷವೂ ಒಂದೇ ಮಾತು: "ಹೊಂಟ್ರು ನೋಡ್ರಿ, ಎರಡು ದಿನದ ಕಲೆಕ್ಟರ್ ಮೇಡಂ!"

ಈಶಮ್ಮ ಅದನ್ನು ಬೇಡ ಎನ್ನುವುದಿಲ್ಲ. "ಖರೇನೇ ಅದ. ವರ್ಷಪೂರ್ತಿ ನಾ ನಿಂತಿರ್ತೀನಿ, ಡಾಕ್ಟರ್ ಕುಂತಿರ್ತಾರ. ಈ ಎರಡು ದಿನ ನನಗ ಕುರ್ಚಿ. ಅವರು ನಿಂದ್ರತಾರ, ನಾ ಕೇಳ್ತೀನಿ, ಅವರು ಹೇಳ್ತಾರ. ಆದ್ರ ಕುರ್ಚಿ ಮ್ಯಾಗ ಕುಂದ್ರಾಕ ವಕ್ತ್ ಸಿಗಲ್ಲ, ಅದೊಂದೇ."

ಅವರು ಕೇಳುವುದು ಹೆಸರನ್ನಲ್ಲ. ಹಿರಿಯ ಗಂಡಸರ ಎದುರು ನಿಂತು ನಿಮ್ಮ ಹೆಸರೇನು ಎನ್ನಲು ಅವರಿಗೆ ಇಂದಿಗೂ ಬಾಯಿ ಬರುವುದಿಲ್ಲ. ದವಾಖಾನೆಯ ರೂಢಿಯೂ ಹಾಗೆಯೇ ಇದೆ. "ದನ ತಂದಾಗ ಮೊದಲು ಏನ್ ಕೇಳ್ತೀವಿ? ಊರು ಯಾವ್ದು ಅಂತ. ದನದ ಹೆಸರು ಯಾರು ಕೇಳ್ತಾರ್ರಿ? ಡಾಕ್ಟರ್‌ಗೂ ಹಂಗೇ."

ಈ ರೂಢಿಯೇ ಮೊದಲ ವರ್ಷ ಅವರನ್ನು ಪೇಚಿಗೆ ಸಿಕ್ಕಿಸಿತ್ತು. ಆಗ ಬ್ಯಾಡ್ಜುಗಳನ್ನು ಸಂಘದ ಪಟ್ಟಿಯಲ್ಲಿದ್ದಂತೆ, ವೈದ್ಯರು ಕೆಲಸ ಮಾಡುವ ಊರಿನ ಪ್ರಕಾರ ಜೋಡಿಸಿದ್ದರು. ಈಶಮ್ಮ ಬಂದವರನ್ನೆಲ್ಲ ಕೇಳಿದರು: ಊರು ಯಾವ್ದ್ರಿ? ಎಲ್ಲರೂ ಹುಟ್ಟಿದ ಊರು ಹೇಳಿದರು. ನಿಜಾಮಾಬಾದಿನಲ್ಲಿ ಕೆಲಸ ಮಾಡುವವರು ಮನೂರು ಎಂದರು. ಸಂಗಾರೆಡ್ಡಿಯಲ್ಲಿ ಇರುವವರು ಔರಾದ್ ಎಂದರು. ಯಾರ ಬ್ಯಾಡ್ಜೂ ಸಿಗಲಿಲ್ಲ. ಕಲ್ಯಾಣಪ್ಪ ಓಡಿಬಂದು "ಪೋಸ್ಟಿಂಗ್ ಕೇಳಮ್ಮಾ, ಪೋಸ್ಟಿಂಗ್!" ಎಂದು ಕೂಗಿದರು. ಈಶಮ್ಮ ಅಲ್ಲೇ ಉತ್ತರ ಕೊಟ್ಟರು: "ಪೋಸ್ಟಿಂಗ್ ಮೂರು ವರ್ಷಕ್ಕ ಬದಲಾಗ್ತದ್ರಿ ಸಾಹೇಬ್ರ. ಊರು ಬದಲಾಗ್ತದೇನು?"

ಮರುವರ್ಷ ಅವರು ಒಂದು ತಿಂಗಳು ಮೊದಲೇ ಫೋನು ಹಿಡಿದು ಕುಳಿತರು. ನೂರ ನಲವತ್ತು ಮಂದಿಗೆ ಒಬ್ಬೊಬ್ಬರಿಗೇ ಕರೆ ಮಾಡಿ ಹುಟ್ಟೂರು ಕೇಳಿ ಬರೆದುಕೊಂಡರು. ಕನ್ನಡದವರಿಗೆ ಊರು ಯಾವ್ದ್ರಿ, ತೆಲುಗಿನವರಿಗೆ ಮೀದಿ ಏ ಊರು ಸಾರ್, ಉರ್ದುವಿನವರಿಗೆ ಕೌನ್ಸಾ ಗಾಂವ್ ಸಾಬ್. ಈಗ ಸಂಘದ ಅರ್ಜಿಯಲ್ಲೇ ಅದಕ್ಕೊಂದು ಕಾಲಂ ಇದೆ. ಬರೆಯದೆ ಬಿಟ್ಟವರಿಗೆ ಈಶಮ್ಮನ ಫೋನು ಬಂದೇ ಬರುತ್ತದೆ.

ಬ್ಯಾಡ್ಜಿನ ಹಿಂದೆ ಊರಿನ ಜೊತೆ ಸಣ್ಣ ಗುರುತುಗಳೂ ಇವೆ. ಒಂದು ಚುಕ್ಕೆ ಎಂದರೆ ಸಕ್ಕರೆ ಹಾಕದ ಚಹ. ಒಂದು ಅಡ್ಡಗೆರೆ ಎಂದರೆ ಮೊಳಕಾಲು ನೋವು, ಕೆಳಗಿನ ಮಹಡಿಯಲ್ಲೇ ಕೋಣೆ ಆಗಬೇಕು. ಅಡ್ಡಗೆರೆಗಳೇ ಹೆಚ್ಚು. "ದನದ ಹಿಂದ ಕುಂತು ಎದ್ದು, ಕುಂತು ಎದ್ದು, ಎಲ್ಲಾರ ಮೊಳಕಾಲೂ ಹೋಗ್ಯಾವ. ದನಕ್ಕ ಔಷಧ ಗೊತ್ತದ, ತಮಗ ಗೊತ್ತಿಲ್ಲ," ಎಂದು ನಗುತ್ತಾರೆ.

ಎಂಟಕ್ಕೆ ಬಾಗಿಲು ತೆರೆಯುತ್ತದೆ. ಬ್ಯಾಡ್ಜುಗಳೆಲ್ಲ ಈಗ ಮೇಜಿನ ಮೇಲಿವೆ. ಈಶಮ್ಮ ಮಾತು ಕಡಿಮೆ ಮಾಡಿದ್ದಾರೆ. ಊರು ಕೇಳುತ್ತಾರೆ, ಕೈ ತಾನಾಗಿ ಸಾಲಿಗೆ ಹೋಗುತ್ತದೆ, ಬ್ಯಾಡ್ಜು ಎತ್ತಿ ಎರಡೂ ಕೈಯಿಂದ ಕೊಡುತ್ತಾರೆ. ಆದರೆ ಬಂದವರು ಬಿಡಬೇಕಲ್ಲ. ನಲವತ್ತರ ಆಸುಪಾಸಿನ ಡಾಕ್ಟರ್ ಜೈಪಾಲ ಮೇಜಿನ ಮೇಲೆ ಮೊಣಕೈ ಊರಿ ನಿಲ್ಲುತ್ತಾರೆ.

"ಏನ್ ಈಶಮ್ಮಾ, ಈ ಸಲ ಮಾತೇ ಇಲ್ಲ. ನಮ್ಮೂರು ಮರ್ತೀಯೇನು?"

"ನಿಮ್ಮೂರು ಹೆಂಗ ಮರೀಲಿ ಸಾಹೇಬ್ರ? ನಿಮ್ಮೂರ ಎಮ್ಮಿ ಒದ್ದಿದ್ದು ಇನ್ನಾ ನೋಯ್ತದ. ತಗೋರಿ, ಒಳಗ ನಡೀರಿ."

"ಎಮ್ಮಿ ನಮ್ಮ ಕಾಕಾಂದು. ಅದರದು ಸ್ವಭಾವನೇ ಹಂಗ."

"ಕಾಕಾಂದೂ ಹಂಗೇ ಅದ. ನಡೀರಿ ಅಂದೆ!"

ಸಾಲಿನಲ್ಲಿದ್ದವರು ಗೊಳ್ಳೆನ್ನುತ್ತಾರೆ. ಕಲ್ಯಾಣಪ್ಪ ಬಾಗಿಲ ಬಳಿ ನಿಂತು ಕೈಗಡಿಯಾರ ನೋಡಿಕೊಳ್ಳುತ್ತಾರೆ. ಅವರು ನಗುವುದಿಲ್ಲ.

ಒಂಬತ್ತೂವರೆಗೆ ನೂರ ಅರವತ್ತೊಂಬತ್ತು ಮಂದಿ ಒಳಗೆ ಹೋಗಿಯಾಗಿದೆ. ಮೇಜಿನ ಮೇಲೆ ನಲವತ್ತಮೂರು ಬ್ಯಾಡ್ಜು ಉಳಿದಿವೆ. ಅಷ್ಟರಲ್ಲಿ ಫೋನು ಬರುತ್ತದೆ. ಜಹೀರಾಬಾದಿನಿಂದ ಹೊರಟ ಬಾಡಿಗೆ ಬಸ್ಸಿನ ಟೈರು ದಾರಿಯಲ್ಲಿ ಪಂಕ್ಚರ್ ಆಗಿ ಈಗಷ್ಟೇ ಊರೊಳಗೆ ಬಂದಿದೆ. ಅದರಲ್ಲಿ ನಲವತ್ತೊಂದು ಮಂದಿ.

ಈಶಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ನಲವತ್ತೊಂದು ಬ್ಯಾಡ್ಜುಗಳನ್ನು ತೋಳಿಗೆ ನೇತುಹಾಕಿಕೊಳ್ಳುತ್ತಾರೆ. ಮೇಜು ಬಿಟ್ಟು ಗೇಟಿಗೆ ನಡೆಯುತ್ತಾರೆ. ಬಸ್ಸು ನಿಂತೊಡನೆ ಮೆಟ್ಟಿಲ ಮೇಲೆ ಹತ್ತಿ, ನಾರಾಯಣಖೇಡದ ಬಸ್ ಸ್ಟ್ಯಾಂಡಿನಲ್ಲಿ ಊರು ಕೂಗುವ ಕಂಡಕ್ಟರರ ಹಾಗೆ ದನಿ ತೆಗೆಯುತ್ತಾರೆ. ಒಂದೊಂದು ಊರು ಕೂಗಿದಂತೆ ಒಬ್ಬೊಬ್ಬರೇ ಇಳಿಯುತ್ತಾರೆ. ಇಳಿಯುವಾಗಲೇ ಕೊರಳಿಗೆ ಬ್ಯಾಡ್ಜು. ಕೂದಲು ನೆರೆತ ಡಾಕ್ಟರೊಬ್ಬರು ತಮ್ಮ ಹಳ್ಳಿಯ ಹೆಸರು ಕೇಳಿದೊಡನೆ ಶಾಲೆಯ ಹುಡುಗನಂತೆ "ಹಾಜರ್!" ಎನ್ನುತ್ತಾರೆ. ಹದಿನಾರು ನಿಮಿಷದಲ್ಲಿ ಬಸ್ಸು ಖಾಲಿಯಾಗುತ್ತದೆ.

ಈಗ ಮೇಜಿನ ಮೇಲೆ ಎರಡೇ ಬ್ಯಾಡ್ಜು. ಅದರಲ್ಲಿ ಒಂದರ ಹಿಂಭಾಗ ಖಾಲಿ.

ಹತ್ತಕ್ಕೆ ಮೂರು ನಿಮಿಷವಿದೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಸ್ಕೂಟಿ ನಿಲ್ಲಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದು ಬರುತ್ತಾರೆ. ಡಾಕ್ಟರ್ ಜಗದೇವಿ. ಅರ್ಜಿಯಲ್ಲಿ ಊರಿನ ಕಾಲಂ ಬಿಟ್ಟಿದ್ದವರು ಇವರೊಬ್ಬರೇ. ಈಶಮ್ಮ ಎರಡು ಸಲ ಫೋನು ಮಾಡಿದಾಗಲೂ ಆಮೇಲೆ ಹೇಳ್ತೀನಿ ಎಂದಿದ್ದರು.

"ಬರ್ರಿ ಮೇಡಂ. ನಿಮ್ಮದೊಂದು ಊರು ಬಾಕಿ ಉಳದದ ನೋಡ್ರಿ," ಎನ್ನುತ್ತಾರೆ ಈಶಮ್ಮ, ಪೆನ್ಸಿಲು ಎತ್ತಿಕೊಂಡು.

"ಏನ್ ಬರೀಬೇಕೋ ತಿಳೀಲಿಲ್ಲರಿ," ಎನ್ನುತ್ತಾರೆ ಜಗದೇವಿ. "ತವರಾಗ ಈಗ ಯಾರೂ ಇಲ್ಲ, ಮನೀ ಮಾರ್ಯಾರ. ಮದುವಿ ಆದಮ್ಯಾಗ ಅವರ ಊರೇ ನಮ್ಮೂರು ಅಂತಿದ್ದೆ. ಅವರು ತೀರಿಹೋಗಿ ಒಂದು ವರ್ಷ ಆತು. ಆ ಊರಿಗೆ ನಾ ಈಗ ಏನಂತ ಹೋಗ್ಲಿ? ಖಾಲಿ ಇರಲಿ ಬಿಡ್ರಿ. ಹಂಗೇ ಕೊಡ್ರಿ."

ಹಾಗೆಯೇ ಕೊಟ್ಟಿದ್ದರೆ ಸಮಯಕ್ಕೆ ಸರಿಯಾಗುತ್ತಿತ್ತು. ಈಶಮ್ಮ ಕೊಡುವುದಿಲ್ಲ. ಆರು ವರ್ಷದಲ್ಲಿ ತಾವು ಕೂರದ ಕುರ್ಚಿಯನ್ನು ಮೇಜಿನ ಈಚೆಗೆ ಎಳೆದು ಹಾಕಿ, ಕೂರಿಸಿ, ನೀರು ಕೊಡುತ್ತಾರೆ. ಕುಡಿದಾದ ಮೇಲೆ ಲೋಟ ತೆಗೆದಿಡುತ್ತಾರೆ. ಒಳಗೆ ಮೈಕಿನ ಪರೀಕ್ಷೆ ನಡೆದಿದೆ.

"ಈಗ ಯಾವೂರಾಗ ದನ ನೋಡ್ತೀರವ್ವಾ?"

"ನ್ಯಾಲ್ಕಲ್ ಕಡೆ. ಎರಡು ವರ್ಷ ಆತು."

"ಅಲ್ಲಿನ ದನಕ್ಕ ನಿಮ್ಮ ಗುರ್ತು ಅದ?"

"ಒಂದು ಆಕಳ ಅದರಿ. ನನ್ನ ಗಾಡಿ ಸಪ್ಪಳ ಕೇಳಿದ್ರ ಸಾಕು, ಸೂಜಿ ಬಂತು ಅಂತ ಓಡಿಹೋಗ್ತದ."

"ಮತ್ತಿನ್ನೇನು! ದನ ಗುರ್ತು ಹಿಡೀತಾವ ಅಂದ್ರ ಅದೇ ನಿಮ್ಮೂರು," ಎಂದು ಈಶಮ್ಮ ಬಗ್ಗಿ, ಮಡಚದ ಬೆರಳುಗಳ ನಡುವೆ ಪೆನ್ಸಿಲು ಹಿಡಿದು, ನಿಧಾನವಾಗಿ ಬರೆಯುತ್ತಾರೆ. ಪೋಸ್ಟಿಂಗ್ ಬೇರೆ, ಊರು ಬೇರೆ ಎಂದು ಆರು ವರ್ಷ ವಾದಿಸಿದವರು ಈ ಒಂದು ಬ್ಯಾಡ್ಜಿನಲ್ಲಿ ತಮ್ಮ ವಾದ ಬಿಟ್ಟುಕೊಡುತ್ತಾರೆ. ಜಗದೇವಿ ಬರೆದದ್ದನ್ನು ಓದಿ, ಮತ್ತೊಮ್ಮೆ ಓದಿ, ಕೊರಳಿಗೆ ಹಾಕಿಕೊಂಡು ಒಳಗೆ ಹೋಗುತ್ತಾರೆ.

ಹತ್ತು ಗಂಟೆ ಎರಡು ನಿಮಿಷ.

"ಮುಗೀತಲ್ಲ?" ಎಂದು ಕಲ್ಯಾಣಪ್ಪ ಮೇಜಿನ ಹತ್ತಿರ ಬರುತ್ತಾರೆ. "ಹತ್ತು ದಾಟ್ತು ಈಶಮ್ಮಾ. ನಾ ಮೊದಲೇ ಹೇಳಿದ್ದೆ."

"ದಾಟ್ತು ಸಾಹೇಬ್ರ. ಇನ್ನಾ ಒಬ್ಬರು ಹೊರಗೇ ಅದಾರ."

"ಯಾರು? ಎಲ್ಲಿ?" ಕಲ್ಯಾಣಪ್ಪ ಗೇಟಿನ ಕಡೆ ತಿರುಗಿ ನೋಡುತ್ತಾರೆ. ಗೇಟಿನಲ್ಲಿ ಯಾರೂ ಇಲ್ಲ.

ಈಶಮ್ಮ ಉಳಿದ ಒಂದು ಬ್ಯಾಡ್ಜನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. "ಊರು ಯಾವ್ದ್ರಿ ಸಾಹೇಬ್ರ?"

ಗಡಿಯಾರ ನೋಡುತ್ತ ಬೆಳಗಿನಿಂದ ಬಾಗಿಲಲ್ಲೇ ನಿಂತಿದ್ದ ಕಾರ್ಯದರ್ಶಿಗಳು ತಮ್ಮ ಬ್ಯಾಡ್ಜು ತೆಗೆದುಕೊಂಡೇ ಇರಲಿಲ್ಲ. ನಾ ಲೆಕ್ಕದಾಗ ಬರಲ್ಲ ಎಂದು ಅವರು, ಪಟ್ಟಿಯಾಗ ಹೆಸರದ ಎಂದು ಈಶಮ್ಮ. ಈ ವಾದಕ್ಕೆ ಮತ್ತೆರಡು ನಿಮಿಷ. ಕೊನೆಗೆ ಕಲ್ಯಾಣಪ್ಪ ತಗ್ಗಿದ ದನಿಯಲ್ಲಿ ತಮ್ಮ ಊರು ಹೇಳಿ, ಬ್ಯಾಡ್ಜು ಹಾಕಿಸಿಕೊಂಡು ಒಳಗೆ ಹೋಗುತ್ತಾರೆ. ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಉದ್ಘಾಟನೆಯ ದೀಪ ಹಚ್ಚುತ್ತಾರೆ.

ಮಧ್ಯಾಹ್ನದ ಊಟದ ಹೊತ್ತಿಗೆ ಕಾರ್ಯಕಾರಿ ಸಮಿತಿಯ ಐದು ಮಂದಿ ಒಂದು ಮೂಲೆಯಲ್ಲಿ ಸೇರುತ್ತಾರೆ. ಕಂಪನಿಯವರ ಹತ್ತಿರ ಸ್ಕ್ಯಾನರ್ ಇದೆ, ಹದಿನೈದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ ಎಂದು ಒಬ್ಬರು ನೆನಪಿಸುತ್ತಾರೆ. ಎಷ್ಟು ತಡವಾಯಿತು ಎಂದು ಇನ್ನೊಬ್ಬರು ಕೇಳುತ್ತಾರೆ. ಕಲ್ಯಾಣಪ್ಪ ರೊಟ್ಟಿ ಮುರಿಯುತ್ತ ಹೇಳುತ್ತಾರೆ: "ನಾಕು ನಿಮಿಷ. ಅದರಾಗ ಎರಡು ನಂದು." ಆಮೇಲೆ ಯಾರೂ ಕಂಪನಿಯ ಮಾತು ಎತ್ತುವುದಿಲ್ಲ.

ಅತ್ತ ಈಶಮ್ಮ ಚುಕ್ಕೆ ಇರುವವರಿಗೆ ಸಕ್ಕರೆ ಇಲ್ಲದ ಚಹ ಹೋಯಿತೋ ಇಲ್ಲವೋ ನೋಡುತ್ತಿದ್ದಾರೆ. ಸುದ್ದಿ ತಿಳಿಸಲು ಕಲ್ಯಾಣಪ್ಪ ತಾವೇ ಬರುತ್ತಾರೆ. ಬರುವ ವರ್ಷ ಸಮ್ಮೇಳನ ಜಹೀರಾಬಾದಿನಲ್ಲಿ, ಮೇಜು ನಿನ್ನದೇ, ಏನಾದರೂ ಬೇಕಿದ್ದರೆ ಈಗಲೇ ಹೇಳು ಎನ್ನುತ್ತಾರೆ. ಈಶಮ್ಮ ಸೆರಗಿಗೆ ಕೈಯೊರೆಸಿಕೊಳ್ಳುತ್ತಾರೆ.

"ನನಗೇನೂ ಬ್ಯಾಡ್ರಿ. ಅರ್ಜಿಯಾಗ ಆ ಊರಿನ ಕಾಲಂ ಜರಾ ದೊಡ್ಡದು ಮಾಡಸ್ರಿ. ಗಂಡಸರಿಗೆ ಒಂದೇ ಊರು, ನಡೀತದ. ಹೆಣ್ಮಕ್ಕಳಿಗೆ ಎರಡು ಇರ್ತಾವ, ಒಮ್ಮೊಮ್ಮೆ ಮೂರನೇದೂ ಬರೀಬೇಕಾಗ್ತದ."